ಎರಡು ಸೀಟು

ಅಗೆತದ ಬಯಲು, ತಗಡಿನ ಶೆಡ್ಡು
ಮಾರ್ಚ್ ೧೧, ಸಂಜೆ

ನೆರೆದ ಮಹಾಜನಗಳೇ, ತಾಯಂದಿರೇ, ಕಂಬದ ಮರೆಯಲ್ಲಿ ಟಿಕೆಟ್ ತಪ್ಪಿಸಿಕೊಂಡು ಕೂತವರೇ! ಗಾಬರಿಯಾಗಬೇಡ ಇವಳೇ, ಸಭೆ ಎಂದರೆ ನೀನೊಬ್ಬಳೇ. ಮೂವತ್ತು ವರ್ಷ ರಂಗದ ಮೇಲೆ ಗುಡುಗಿದ ಗಂಟಲು ಕಾಗದದಲ್ಲೂ ಮೆಲ್ಲಗೆ ಮಾತಾಡಲು ಒಪ್ಪುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ. ಏನು ತಿಂದೆನೆಂದು ಆಮೇಲೆ ನೆನಪಿರುವುದಿಲ್ಲ, ಅಷ್ಟೇ.

ನಮ್ಮ ಗುಬ್ಬಿ ಹಳೇ ಕಾಲದ ಮಡಕೆಚೂರು ಅಗೆದು ತೆಗೆಯುತ್ತಿದ್ದ ಜಾಗಕ್ಕೆ ಬಂದಿದ್ದೇನೆ. ಈ ವರ್ಷದ ಅಗೆತ ಮುಗಿಯಿತು, ಮಗಳ ಪೆಟ್ಟಿಗೆ ತೆಗೆದುಕೊಂಡು ಹೋಗಿ ಎಂದು ಇಲ್ಲಿನ ಮೇಡಂ ಎರಡು ಸಲ ಬರೆದಿದ್ದರಲ್ಲ. ಬಸ್ಸಿನ ಕಥೆ ಕೇಳು. ಬಾಗಿಲಿಗೆ ಚಿಲಕವಿಲ್ಲ, ಹಗ್ಗ. ಮೂವರ ಸೀಟಿನಲ್ಲಿ ಐವರು, ನಡುದಾರಿಯಲ್ಲಿ ಅಡ್ಡ ಮಲಗಿಸಿದ ಕನ್ನಡಿ ಬೀರು, ನನ್ನ ತೊಡೆಯ ಮೇಲೆ ಯಾರದೋ ಕೋಳಿ. ‘ಕಾಲು ಬಿಗಿ ಹಿಡ್ಕೊಳ್ಳಿ ಸ್ವಾಮಿ, ಅದು ಮೊದಲೇ ಮುಂಗೋಪಿ’ ಎಂದು ಅದರ ಯಜಮಾನ ಹಿಂದಿನಿಂದ ಕೂಗುತ್ತಿದ್ದ. ಕಂಡಕ್ಟರ್ ತಲೆಗಳ ಮೇಲೆ ಈಜುತ್ತಾ ಬಂದು, ‘ಆ ಹಳೇ ಗುಂಡಿಗಳ ಹತ್ರಾನಾ? ಅಲ್ಲಿ ಯಾರಿದಾರೆ ನಿಮಗೆ?’ ಎಂದ.

‘ಮಗಳಿದ್ದಾಳೆ’ ಎಂದುಬಿಟ್ಟೆ, ಪರದೆಯ ಹಿಂದಿನಿಂದ ಯಾರೋ ಮಾತು ಎತ್ತಿಕೊಟ್ಟ ಹಾಗೆ. ಮೂರು ದಿನದ ಜ್ವರ ಅವಳನ್ನು ಒಯ್ದು ಎಂಟು ತಿಂಗಳಾದರೂ, ಯಾರೇ ಕೇಳಲಿ, ಇದೇ ಮಾತು. ‘ಒಂದು ಸಲ ಬಾಯಿಬಿಟ್ಟು ಹೇಳಿ, ಅವಳಿಲ್ಲ ಅಂತ. ಅಲ್ಲೀವರೆಗೂ ನಾನು ಈ ಮನೆಗೆ ಬರಲ್ಲ’ ಎಂದು ನೀನು ಚೀಲ ಎತ್ತಿಕೊಂಡು ಹೋದದ್ದು ಇದಕ್ಕೇ ತಾನೆ?

ನನ್ನ ದನಿ ಗೊತ್ತಲ್ಲ, ಡ್ರೈವರಿಗೂ ಕೇಳಿಸಿತು. ಒಬ್ಬಳು ಮುದುಕಿ ಮದುವೆಯಾಗಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ‘ಮಣ್ಣು ತೋಡೋಳಿಗೆ ಗಂಡು ಎಲ್ಲಿ ಸಿಗ್ತಾನೆ? ಅವಳೇ ಎಲ್ಲಿಂದಾದ್ರೂ ತೋಡಿ ತೆಗೀಬೇಕು!’ ಬಸ್ಸೆಲ್ಲ ನಕ್ಕಿತು. ತಾಳ ತಪ್ಪದೆ ನಾನೂ ನಕ್ಕೆ. ‘ಕೂಸಿಗೆ ಕೊಡಿ’ ಎಂದು ಐದು ಸೀಬೆಹಣ್ಣು ನನ್ನ ಜೇಬಿಗೆ ತುರುಕಿದಳು. ಅಷ್ಟರಲ್ಲಿ ಡ್ರೈವರು, ‘ಮಗಳನ್ನ ನೋಡೋಕೆ ಬಂದಿರೋ ಅಪ್ಪನ್ನ ಬಿಸಿಲಲ್ಲಿ ನಡೆಸ್ತೀವಾ?’ ಎಂದವನೇ ದಾರಿ ಬಿಟ್ಟು ಬಯಲಿಗೆ ತಿರುಗಿಸಿದ. ಅರ್ಧದಲ್ಲೇ ಚಕ್ರ ಮರಳಿನಲ್ಲಿ ಹೂತುಹೋಯಿತು. ನಲವತ್ತು ಜನ ಇಳಿದು ಒಂದು ಗಂಟೆ ತಳ್ಳಿದರು. ನಾನೂ ತಳ್ಳಿದೆ, ಕಂಕುಳಲ್ಲಿ ಕೋಳಿ ಇಟ್ಟುಕೊಂಡು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಕಂಡಕ್ಟರ್, ‘ಬೆಳಿಗ್ಗೆ ಏಳಕ್ಕೆ ತಿರುವಿನಲ್ಲಿ ನಿಂತಿರಿ, ಮಗಳನ್ನೂ ಕರ್ಕೊಂಡು ಬನ್ನಿ, ಎರಡು ಸೀಟು ಹಿಡಿದಿರ್ತೀನಿ’ ಎಂದ.

ಇಲ್ಲಿ ಉದ್ದನೆಯ ಮೇಜು. ಗುಬ್ಬಿ ಚೂರು ಸೇರಿಸಿ ಅಂಟಿಸಿದ ಮಡಕೆಗಳ ಸಾಲು, ಪ್ರತಿಯೊಂದಕ್ಕೂ ಅವಳ ಕೋಳಿಕಾಲು ಅಕ್ಷರದ ಚೀಟಿ. ಒಂದು ದೊಡ್ಡ ಮಡಕೆಯ ಹೊಟ್ಟೆಯಲ್ಲಿ ಅಂಗೈಯಷ್ಟು ಬಿಳೀ ತೇಪೆ. ಮಣ್ಣಿನ ಬಣ್ಣ ಬಳಿದಿದ್ದರೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದೆ. ಮೇಡಂ ಹೇಳಿದರು: ಸಿಗದ ಚೂರಿನ ಜಾಗಕ್ಕೆ ಇಲ್ಲಿ ಸುಣ್ಣದ ಗಾರೆಯನ್ನೇ ಹಾಕುತ್ತಾರಂತೆ, ಬಣ್ಣ ಹಚ್ಚುವುದಿಲ್ಲವಂತೆ. ಹೊಸಬರು ಯಾರಾದರೂ ಹಚ್ಚಿದರೆ ನಮ್ಮವಳು ಹರಿಹಾಯುತ್ತಿದ್ದಳಂತೆ: ‘ಇಲ್ಲದ್ದನ್ನ ಇದೆ ಅಂತ ತೋರಿಸಬೇಡಿ. ಸುಳ್ಳಾಗೋದು ಆ ಚೂರು ಮಾತ್ರ ಅಲ್ಲ, ಇಡೀ ಮಡಕೆ.’

ಅಳು ಬರಲಿಲ್ಲ. ತೇಪೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಸೀಬೆಹಣ್ಣು ಇನ್ನೂ ಜೇಬಿನಲ್ಲೇ ಇವೆ.

ಅಕ್ಕ ಭಾವನಿಗೆ ನಮಸ್ಕಾರ ಹೇಳು. ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ
‘ಏನೂಂದ್ರೆ’

ಮರೆತಿದ್ದೆ: ಇಲ್ಲಿನ ಕಾವಲುಗಾರ ಈ ಕಾಗದ ಟಪಾಲಿಗೆ ಹಾಕಲು ಸೈಕಲ್ ಹತ್ತಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಏಳಕ್ಕೆ ಆ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಕಂಡಕ್ಟರ್ ಕೇಳುವ ಮೊದಲೇ, ಡ್ರೈವರಿಗೂ ಕೇಳಿಸುವ ಹಾಗೆ ಹೇಳುತ್ತೇನೆ: ‘ನನ್ನ ಮಗಳು ಸತ್ತುಹೋಗಿದ್ದಾಳೆ. ಒಂದೇ ಸೀಟು ಸಾಕು.’