ಒದ್ದೆಯಾಗದ ಸಹಿ

ಅಪ್ಪಾ,

ಫೋನಿನಲ್ಲಿ ಕೇಳಿದರೆ ನೀನು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ರೂಮ್‌ಮೇಟ್ ಗುಬ್ಬಿ ಐದು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಡೆಂಗ್ಯೂ. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ.

ಕಾಲೇಜು ಸೇರುವ ಮೊದಲು ಅವಳು ವಿದೇಶದ ಅಕ್ಕನ ಮನೆಗೆ ಹೋಗಿದ್ದಳಲ್ಲ, ಮೆಸ್ಸಿನಲ್ಲಿ ಈಗ ಅದೇ ಮಾತು: "ಅವಳೇ ಕಣೇ ಡೆಂಗ್ಯೂನ ಫ್ಲೈಟಲ್ಲಿ ತಂದಿದ್ದು. ವಾಪಸ್ ಬಂದ್ರೆ ಬೇರೆ ಫ್ಲೋರ್‌ಗೆ ಹಾಕ್ಲಿ." ಜ್ವರ ಅಂಟೀತೆಂದು ನಾನೂ ಅವಳ ತಟ್ಟೆಯನ್ನು ಎರಡು ಸಲ ತೊಳೆದೆ. ಸೊಳ್ಳೆ ಇಲಾಖೆಯವನ ಮಗಳು! ಆಮೇಲೆ ನಿನ್ನ ಮಾತು ನೆನಪಾಯಿತು: "ವೈರಸ್ ದೇಶ ಸುತ್ತೋದು ಮನುಷ್ಯರ ಮೈಯಲ್ಲಿ. ಆದ್ರೆ ಬಿಡಾರ ಹೂಡೋಕೆ ಅದಕ್ಕೆ ನಮ್ಮ ತೊಟ್ಟಿನೇ ಬೇಕು." ಗುಬ್ಬಿ ಬಂದು ಹತ್ತು ವಾರವಾಯಿತು. ಅಷ್ಟು ದಿನ ಅಡಗಿ ಕೂರುವ ಜ್ವರವಲ್ಲ ಅದು. ಅನುಮಾನದ ಹುಳ ತಲೆಗೆ ಹೊಕ್ಕಿತು.

ಹಾಸ್ಟೆಲಿನ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಮುಚ್ಚಳ ಎತ್ತಿದೆ. ಲಾರ್ವಾಗಳು ಕುಣಿಯುತ್ತಿದ್ದವು. ಟೆರೇಸಿನ ಬಾಗಿಲ ಹಿಂದೆ ನಿಮ್ಮ ಇಲಾಖೆಯ ತಪಾಸಣೆ ಕಾರ್ಡ್. ವಾರ ವಾರವೂ 'ನೋಡಿದೆ, ಸರಿಯಿದೆ', ಮುಂದೆ ನಿನ್ನ ಸಹಿ.

ವಾರ್ಡನ್ ಅವರೇ ನಿನ್ನ ಸಹಿ ನಕಲು ಮಾಡಿದ್ದಾರೆ ಅಂದುಕೊಂಡೆ. ನೀನು ನೀರಿಗೆ ಕೈ ಹಾಕಿ ನೋಡಿ, ಒದ್ದೆ ಕೈಯಲ್ಲೇ ಸಹಿ ಹಾಕುವವನು, ಇಂಕು ಹರಡಲೇಬೇಕು. ಮೊದಲ ಮೂರು ಸಹಿ ಹರಡಿವೆ. ಆಮೇಲಿನ ಏಳೂ ಒಣ ಒಣ.

ಗೇಟು ಕಾಯುವ ತಾತನನ್ನು ಪೊಲೀಸರ ಹಾಗೆ ವಿಚಾರಿಸಿದೆ. ನಾನು ಯಾರ ಮಗಳೆಂದು ಅವರಿಗೆ ಗೊತ್ತಿಲ್ಲ. "ಅವ್ರು ಈಗ ಒಳಗೆ ಬರಲ್ಲಮ್ಮ. ಕಾರ್ಡ್ ಇಲ್ಲಿಗೇ ತರಿಸ್ಕೊಂಡು, ಟ್ಯಾಂಕ್ ಮುಚ್ಚಿದೆಯಾ ಅಂತ ನನ್ನೇ ಕೇಳಿ ಸೈನ್ ಹಾಕ್ತಾರೆ. ಮಗಳು ಇಲ್ಲೇ ಓದ್ತಾಳಂತೆ. ಖಾಕಿಲಿ ಕಂಡ್ರೆ ಅವಳಿಗೆ ನಾಚಿಕೆಯಂತೆ."

ಮೂರನೇ ವಾರ ನಾನೇ ಹೇಳಿದ್ದು: "ಪ್ಲೀಸ್ ಅಪ್ಪಾ, ಆ ಖಾಕಿ ಹಾಕ್ಕೊಂಡು ಒಳಗೆ ಬರ್ಬೇಡ."

ನೋಡದೆ ಸಹಿ ಹಾಕಿದ್ದು ನಿನ್ನ ತಪ್ಪೇ. ಹಾಕಿಸಿದವಳು ನಾನು. ಕಾರ್ಡ್ ತೋರಿಸಿದರೆ ಗುಬ್ಬಿಯ ಮೇಲಿನ ಅಪವಾದ ಹೋಗುತ್ತದೆ; ನಿನ್ನ ಕೆಲಸವೂ ಹೋಗಬಹುದು. ತೋರಿಸದೆ ಅವಳ ಮುಖ ಹೇಗೆ ನೋಡಲಿ?

ನಾಳೆ ನೀನು ಸಹಿ ಹಾಕಲು ಬಂದಾಗ ಕಾರ್ಡಿನ ಬದಲು ತಾತ ನಿನಗೆ ಈ ಪತ್ರ ಕೊಡುತ್ತಾರೆ. ಓದಿ ಗೇಟಿನಿಂದಲೇ ಹಿಂದಿರುಗಬೇಡ. ಖಾಕಿಯಲ್ಲೇ ಮೆಸ್ಸಿಗೆ ಬಾ, ಎಲ್ಲರೂ ಊಟಕ್ಕೆ ಕೂತಿರುತ್ತಾರೆ. ಕಾರ್ಡ್ ನನ್ನ ಕೈಯಲ್ಲಿರುತ್ತದೆ. "ಇವರು ನಮ್ಮಪ್ಪ" ಅಂತ ಮೊದಲು ನಾನು ಹೇಳುತ್ತೇನೆ, ಉಳಿದದ್ದನ್ನು ನೀನು ಹೇಳು. ಆಮೇಲೆ ಇಬ್ಬರೂ ಸೇರಿ ಟ್ಯಾಂಕ್ ಉಜ್ಜೋಣ.

ಅದಾದ ಮೇಲೆ ತಲೆ ಮುಟ್ಟಿ ಹರಸು, ಒದ್ದೆ ಕೈಯಲ್ಲೇ.

ಗೇಟಿನ ಒಳಗೆ ಕಾಯುತ್ತಿರುವ,
ನಿನ್ನ ಮಗಳು