ಬಚ್ಚಲ ಬಾಗಿಲು ಹುಡುಕಬೇಡಿ

ಶಿವಗಾಮಿಯ ಅಪ್ಪನಿಗೆ,

ಮಗಳು ಹೊಟ್ಟೆಯಲ್ಲಿದ್ದಾಗ ನೀವೊಂದು ಮಾತು ಕೊಟ್ಟಿದ್ದಿರಿ: “ಮಗು ನಡೆಯೋ ಮುಂಚೆ ಮಗ್ಗದ ಗುಂಡಿಗೆ ಹಲಗೆ ಮಾಡಿಸ್ತೀನಿ.”

ಬೆಳಿಗ್ಗೆ ಬಚ್ಚಲ ಬಾಗಿಲು ಕಾಣದಿದ್ದರೆ ಕಳ್ಳರನ್ನು ಬೈಯಬೇಡಿ. ಅದನ್ನು ಕಳಚಿ ಗುಂಡಿಯ ಮೇಲೆ ಹಾಕಿದವಳು ನಾನೇ. ಕಾಲು ಇಳಿಬಿಟ್ಟು ನೇಯಲು ಕೂರುವಾಗ ಸರಿಸಿಕೊಳ್ಳಿ. ಟೀ ಕುಡಿಯಲು ಎದ್ದರೂ ಮುಚ್ಚಿಯೇ ಹೋಗಿ. ಹಲಗೆ ಬರುವವರೆಗೆ ಬಚ್ಚಲಿಗೆ ಗೋಣಿ ಪರದೆ ಸಾಕು.

ಅತ್ತೆಗೆ ಕೋಪ. “ಐದು ಮಕ್ಕಳ್ನ ಇದೇ ಗುಂಡಿ ಪಕ್ಕ ಸಾಕಿದೆ, ಯಾರು ಕೆಟ್ಟೋದ್ರು? ಮುಚ್ಚಿದ್ರೆ ಮಗ್ಗ ನಿಂತ ಮನೆ ಅಂತಾರೆ ಊರವ್ರು” ಎಂದರು. ನಿಮ್ಮ ಹುಬ್ಬಿನ ಮೇಲಿನ ಗಾಯದ ಗುರುತು ಎಲ್ಲಿಂದ ಬಂತು ಎಂದು ಕೇಳಿದೆ. ಎಲೆ ಅಡಿಕೆ ಹುಡುಕಿಕೊಂಡು ಒಳಗೆ ಹೋದರು.

ಮನೆಯನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ ಎನ್ನುತ್ತಿಲ್ಲ. ಮಗು ಹೊಸಿಲು ಎಡವಲಿ, ರಾಟೆ ಎಳೆದು ಬೀಳಿಸಲಿ, ಅತ್ತು ಸುಮ್ಮನಾಗುತ್ತಾಳೆ. ನೂಲಿಗೆ ಹಾಕುವ ಬಣ್ಣದ ಡಬ್ಬಗಳನ್ನು ಮಾತ್ರ ಮೇಲಿಟ್ಟಿದ್ದೇನೆ, ಇಳಿಸಬೇಡಿ. ಗುಂಡಿ, ಬಣ್ಣ: ಈ ಎರಡರಲ್ಲಿ ನಾನು ಬಗ್ಗುವುದಿಲ್ಲ.

ಬನಿಯನ್ ಕಂಪನಿಯಲ್ಲಿ ಈ ವಾರವೆಲ್ಲ ಓವರ್‌ಟೈಮ್. ತಿರುಪ್ಪೂರಿನ ಮೊದಲ ಬಸ್ಸಿಗೇ ಹೋಗುತ್ತೇನೆ. ನಿಮ್ಮನ್ನು ಎಬ್ಬಿಸಿ ಜಗಳವಾಡಲು ಶಕ್ತಿಯಿಲ್ಲ, ಅದಕ್ಕೇ ಬರೆದಿಟ್ಟೆ. ಸಾರು ಬಿಸಿ ಮಾಡಿಕೊಳ್ಳಿ. ಬೆನ್ನಿಗೆ ಹಚ್ಚುವ ಎಣ್ಣೆ ಕಿಟಕಿಯಲ್ಲಿದೆ.

ಇವತ್ತು ಸಂಜೆ ಶಿವಗಾಮಿ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದಳು, ಗುಂಡಿಯ ಕಡೆಗೇ. ಹಲಗೆ ಬಂದಿಲ್ಲ.

ರುಕ್ಮಣಿ