ಅಮರ ಟೋಲ್ ದಾಟಿದ

ದೊಡ್ಡಬಳ್ಳಾಪುರ
೧೫ ಸೆಪ್ಟೆಂಬರ್ ೨೦೨೫, ಸೋಮವಾರ

ಪ್ರೀತಿಯ ರಮ್ಯಕ್ಕನಿಗೆ ತಂಗಿ ಚೈತ್ರಳ ನಮಸ್ಕಾರಗಳು.

ಸಮೇತನಹಳ್ಳಿಯ ಸೊಸೆಯಾದ ನಿನಗೂ, ನಿನ್ನ ಮೂಲಕ ಸಮಸ್ತ ಹೊಸಕೋಟೆ ತಾಲ್ಲೂಕಿಗೂ ಘೋಷಿಸುವುದೇನೆಂದರೆ: ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿಯಾದ ನಾನು, ಸ್ವಸ್ಥಚಿತ್ತಳಾಗಿ, ಯಾರ ಒತ್ತಾಯಕ್ಕೂ ಮಣಿಯದೆ, ಕಾಲೇಜು ಕ್ಯಾಂಟೀನಿನ ಎರಡನೆಯ ಮೆಣಸಿನಕಾಯಿ ಬಜ್ಜಿಯನ್ನು ಶಾಶ್ವತವಾಗಿ ತ್ಯಜಿಸಿದ್ದೇನೆ. ಮೊದಲನೆಯದರ ಬಗ್ಗೆ ಮಾತುಕತೆ ಜಾರಿಯಲ್ಲಿದೆ.

ನೀನು ಗೌರಿ ಹಬ್ಬ ಮುಗಿಸಿಕೊಂಡು ಹೋದ ಮಾರನೆಯ ದಿನವೇ ಬರೆಯಬೇಕಿತ್ತು. ತಡವಾಯಿತು, ಬೈದುಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮನ ಕಿವಿಗೆ ಬೀಳದ ಮೂಲೆ ನಮ್ಮ ಮನೆಯಲ್ಲಿಲ್ಲ. ಕಾಲೇಜಿನಿಂದ ಮಾಡೋಣವೆಂದರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಕಾಗದ. ಕಾಲೇಜಿನ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಸ್ಟೇರಿಂಗ್ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಸ್ಟೇರಿಂಗಿನ ತಪ್ಪು.

ಅಪ್ಪ ನಿನಗೆ ಬರೆಯಲು ಹೇಳಿದ್ದು ಒಂದೇ ವಿಷಯ. "ರಮ್ಯಂಗೆ ಹೇಳು, ಬಂದು ನಿಮ್ಮಮ್ಮಂಗೆ ಒಂದಿಷ್ಟು ಬುದ್ಧಿ ಹೇಳ್ಲಿ. ಆ ಕಾರು ಮಾರ್ಬಿಡಾಣ." ಗ್ಯಾರೇಜಿನ ಜಯಕುಮಾರ್ ಅಮರಣ್ಣನ ಕಾರಿಗೆ ಒಂದು ಲಕ್ಷ ಹತ್ತು ಸಾವಿರ ಹೇಳಿದ್ದಾನೆ. ನನ್ನ ಫೀಸು ಕಟ್ಟಿದರೂ ಇನ್ನೂ ಉಳಿಯುತ್ತದೆ, ನಾನು ಫ್ರೀ ಬಸ್ಸಿನಲ್ಲಿ ಹೋಗಬಹುದು. ಆದರೆ ಅಮ್ಮ ಒಪ್ಪಬೇಕಲ್ಲ! "ನಿನ್ನ ಪರೀಕ್ಷೆಗೆ ಅಂತ ಅವನು ಕೈಯಾರೆ ಕೀ ಕೊಟ್ಟು ತಾನು ಬೈಕಲ್ಲಿ ಹೋದ ಕಣಮ್ಮ. ನಿನ್ನ ಓದು ಮುಗಿಯೋಗಂಟ ಅದು ಓಡ್ಬೇಕು" ಎನ್ನುತ್ತಾಳೆ. ಹದಿನಾಲ್ಕು ತಿಂಗಳಿಂದ ಇದೇ ಮಾತು. ಕೆಲಸಕ್ಕೆ ಹೊರಟ ಆ ಬೈಕು ದಾಬಸ್‌ಪೇಟೆ ಮುಟ್ಟಲಿಲ್ಲ, ಅಮರಣ್ಣ ಮನೆಗೆ ಬಂದದ್ದು ಆಂಬ್ಯುಲೆನ್ಸಿನಲ್ಲಿ ಎಂಬಲ್ಲಿಯವರೆಗೆ ಅವಳು ಹೋಗುವುದೇ ಇಲ್ಲ. ಕೀ ಕೊಟ್ಟಲ್ಲಿಗೆ ನಿಲ್ಲಿಸಿಬಿಡುತ್ತಾಳೆ.

ಈಗ ಆಯವ್ಯಯ ಮಂಡನೆ. ಡೈರಿ ಬಟವಾಡೆಯಲ್ಲಿ ಅಪ್ಪ ಕೊಡುವುದು ತಿಂಗಳಿಗೆ ಆರು ಸಾವಿರ. ದಾರಿಯಲ್ಲಿ ಹತ್ತುವ ನನ್ನ ಕ್ಲಾಸಿನ ಸಿಂಚನ, ಮೋನಿಷಾ ದಿನಕ್ಕೆ ತಲಾ ಐವತ್ತು ಕೊಡುತ್ತಾರೆ. ಪೆಟ್ರೋಲು ಸುಮಾರು ಆರು ಸಾವಿರವನ್ನು ಗಂಟಲಲ್ಲಿ ಇಳಿಸಿಕೊಳ್ಳುತ್ತದೆ. ಟೋಲು ಹೋಗಿಬರಲು ಎಂಬತ್ತು. ಉಳಿದ ಐನೂರು ಚಿಲ್ಲರೆಯಲ್ಲಿ ಪಂಕ್ಚರ್, ಜೆರಾಕ್ಸ್, ಶಾಂಪೂ ಮತ್ತು ಮೇಲ್ಕಂಡ ಬಜ್ಜಿ. ಅಕೌಂಟೆನ್ಸಿಯಲ್ಲಿ ಎಪ್ಪತ್ತೆಂಟು ಅಂಕ ಪಡೆದವಳು ಇಪ್ಪತ್ತನೇ ತಾರೀಕಿನ ನಂತರ ಹ್ಯಾಂಡ್‌ಬ್ರೇಕ್ ಪಕ್ಕದ ಸಂದಿಯಲ್ಲಿ ನಾಣ್ಯ ಹುಡುಕುತ್ತಾಳೆ.

ನನ್ನ ಪ್ರಯಾಣಿಕರದು ಒಂದೇ ತಕರಾರು. "ಟೋಲ್‌ಗೆ ನಾವು ಒಂದ್ರುಪಾಯಿ ಕೊಡಲ್ಲ ಗುರು" ಎನ್ನುತ್ತಾಳೆ ಸಿಂಚನ. "ಪಕ್ಕದಲ್ಲೇ ಊರೊಳಗಿನ ದಾರಿ ಐತೆ. ಟ್ರ್ಯಾಕ್ಟರ್‌ಗೆ ಗೊತ್ತು, ಎಮ್ಮೆಗೆ ಗೊತ್ತು, ಕಾಮರ್ಸ್ ಓದೋ ನಿಂಗೊತ್ತಿಲ್ವಾ?"

ತಿಂಗಳ ಪಾಸಾದರೂ ಮಾಡಿಸೋಣವೆಂದು ಟೋಲಿನ ಕೌಂಟರಿಗೆ ಹೋದೆ. ಕಾರು, ಗಾಜಿಗೆ ಅಂಟಿಸಿದ ಫಾಸ್ಟ್ಯಾಗು ಎರಡೂ ಅಮರಣ್ಣನ ಹೆಸರಿನಲ್ಲಿವೆಯಲ್ಲ. "ಮಾಲೀಕ್ರನ್ನ ಕಳ್ಸಿ ಮೇಡಂ, ಒಂದೇ ಒಂದ್ಸಲ ಬಂದ್ರೆ ಸಾಕು" ಅಂದರು. ನಮಗೂ ಅಷ್ಟೇ ಸಾಕು ಸಾರ್ ಎಂದು ಹೇಳಿ ಬಂದೆ. ಅವರಿಗೆ ಅರ್ಥವಾಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು. ಆ ಟ್ಯಾಗಿನ ಮೆಸೇಜು ಬರುವುದು ಅಮರಣ್ಣನ ನಂಬರಿಗೆ. ಅವನ ಫೋನು ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಗೆ ಒರಗಿಕೊಂಡು, ಸದಾ ಚಾರ್ಜಿನಲ್ಲಿರುತ್ತದೆ. ನೀನು ಬರುವುದು ಹಬ್ಬಕ್ಕೆ. ಅವತ್ತು ಕಾಲೇಜಿರುವುದಿಲ್ಲ, ಫೋನು ತೆಪ್ಪಗಿರುತ್ತದೆ. ಮಿಕ್ಕ ದಿನ ಬೆಳಿಗ್ಗೆ ನಾನು ಟೋಲ್ ದಾಟಿದೊಡನೆ ಅದು ಟಿಂಗ್ ಎನ್ನುತ್ತದಂತೆ. ಅಮ್ಮ ಕೈ ಒರೆಸಿಕೊಂಡು ನೋಡಿ, "ಅಮರ ದಾಟಿದ" ಎನ್ನುತ್ತಾಳಂತೆ. ಸಂಜೆ ಮತ್ತೆ ಟಿಂಗ್. "ಅಮರ ಬತ್ತಾವ್ನೆ" ಎಂದು ಮುದ್ದೆಗೆ ಎಸರಿಡುತ್ತಾಳೆ. ಇದೆಲ್ಲ ಅಪ್ಪ ಕೊಟ್ಟಿಗೆಯಲ್ಲಿ ಹಸುವಿನ ಮೈ ತಿಕ್ಕುತ್ತಾ, ನನ್ನ ಮುಖ ನೋಡದೆ ಹೇಳಿದ್ದು. ನಾನು ಚಪ್ಪಲಿ ಬಿಡುವಷ್ಟರಲ್ಲಿ ತಟ್ಟೆಯಲ್ಲಿ ಮುದ್ದೆ ಹೊಗೆಯಾಡುತ್ತಿರುತ್ತದೆ. ಅದರ ಗಾತ್ರ ನನ್ನದಲ್ಲ, ಅವನದು. ಪೂರ್ತಿ ತಿಂದು ಮುಗಿಸುತ್ತೇನೆ.

ಹೋದ ಗುರುವಾರ ಟ್ಯಾಗಿನಲ್ಲಿ ಮೂವತ್ತು ರೂಪಾಯಿ ಉಳಿದಿತ್ತು. ಸಿಂಚನಳ ಎಮ್ಮೆಗಳ ದಾರಿಯಲ್ಲೇ ಹೋದೆ, ಅದರಲ್ಲೇ ಬಂದೆ. ಎಂಬತ್ತು ಉಳಿಸಿದ ವೀರಾವೇಶದಲ್ಲಿ ಎರಡು ಬಜ್ಜಿಯನ್ನೂ ತಿಂದೆ. ಸಂಜೆ ನಮ್ಮೂರ ತಿರುವಿನಲ್ಲಿ ಅಮ್ಮ ನಿಂತಿದ್ದಳು. ಬರಿಗಾಲು. ಕೈಯಲ್ಲಿ ಆ ಫೋನು. ಬೆಳಿಗ್ಗೆ ಹತ್ತರಿಂದ ಅಲ್ಲೇ ಇದ್ದಳಂತೆ, ಅಪ್ಪ ಕರೆದರೂ ಬರಲಿಲ್ಲವಂತೆ. ಕಾರು ನಿಲ್ಲಿಸಿದೆ. ಕಿಟಕಿಯಲ್ಲಿ ಬಗ್ಗಿ ನನ್ನನ್ನು ನೋಡಿದಳು, ಆಮೇಲೆ ಹಿಂದಿನ ಸೀಟು ನೋಡಿದಳು.

"ಇವತ್ತು ಅಮರ ದಾಟ್ಲೇ ಇಲ್ವಲ್ಲಮ್ಮ?"

"ದಾಟಿದ ಕಣಮ್ಮ. ನೆಟ್‌ವರ್ಕ್ ಇರ್ಲಿಲ್ಲ" ಅಂದೆ. ನನ್ನ ಬಾಯಲ್ಲೇ ಬಂದುಬಿಟ್ಟಿತು, ಅಕ್ಕ. ಅವಳು ತಲೆಯಾಡಿಸಿ, ಕಾರು ಹತ್ತದೆ, ಮುಂದೆ ಮುಂದೆ ನಡೆದು ಹೋದಳು. ಅವಳ ಹಿಂದೆ ನಾನು ಫಸ್ಟ್ ಗೇರಿನಲ್ಲಿ ಮನೆತನಕ ಬಂದೆ. ಒಲೆ ಹಚ್ಚಿರಲಿಲ್ಲ.

ಅವತ್ತಿನಿಂದ ಟೋಲ್ ತಪ್ಪಿಸಿಲ್ಲ. ಬಜ್ಜಿಯ ಮಹಾತ್ಯಾಗದ ಹಿನ್ನೆಲೆ ಇದು. ಸೀಟು ಕೂಡ ಅವನ ಉದ್ದನೆಯ ಕಾಲಿಗೆ ಹಿಂದಕ್ಕೆ ಸರಿಸಿದಂತೆಯೇ ಇದೆ. ಒಂದು ಸಲ ಎಳೆದರೆ ಮುಂದೆ ಬರುತ್ತದೆ. ನಾನು ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಓಡಿಸುತ್ತೇನೆ.

ಆದಕಾರಣ ಅಮ್ಮನಿಗೆ ಬುದ್ಧಿ ಹೇಳುವ ನಿನ್ನ ಕಾರ್ಯಕ್ರಮವನ್ನು ಮುಂದೂಡಬೇಕೆಂದು ವಿನಂತಿ. ಅಪ್ಪನಿಗೆ ಏನಾದರೊಂದು ನೆವ ಹೇಳು. ಭಾವನಿಗೆ ನಮಸ್ಕಾರ. ನಿನ್ನ ಪುಟ್ಟಿ ನೂರು ವರ್ಷ ಬಾಳಲಿ, ಬಿ.ಕಾಂ. ಮಾತ್ರ ಓದದಿರಲಿ. ನನಗೂ ಒಂದು ಆಶೀರ್ವಾದ ಮಾಡು.

ನಿನ್ನ ತಂಗಿ,
ಚೈತ್ರ

ಮಡಚುವ ಮುನ್ನ: ಅಮರಣ್ಣ ಕೀ ಕೊಟ್ಟ ದಿನ ಪರೀಕ್ಷೆ ಇರಲಿಲ್ಲ, ಅಕ್ಕ. ಮೋನಿಷಾಳ ಹುಟ್ಟುಹಬ್ಬವಿತ್ತು. ಎಲ್ಲರ ಮುಂದೆ ಕಾರಿನಿಂದ ಇಳಿಯುವ ಆಸೆ ನನಗೆ. "ಇಂಟರ್ನಲ್ಸ್ ಐತಣ್ಣ, ಬಸ್ ನಂಬ್ಕೊಂಡ್ರೆ ಆಗಲ್ಲ" ಅಂದೆ. "ಫಸ್ಟ್ ಕ್ಲಾಸ್ ಬರ್ಲಿಲ್ಲ ಅಂದ್ರೆ ಪೆಟ್ರೋಲ್ ದುಡ್ಡು ವಸೂಲಿ" ಎಂದು ಕೀ ಎಸೆದು, ಬೈಕ್ ಒರೆಸಿಕೊಂಡು ಹೊರಟ. ಪೊಲೀಸರು ಕೊಟ್ಟ ಫೋನಿನಲ್ಲಿ ಕೊನೆಯ ಮೆಸೇಜು ಒಂಬತ್ತು ಹನ್ನೆರಡರದ್ದು. ನಾನು ಟೋಲ್ ದಾಟಿದ್ದು. ಅವನು ರಸ್ತೆಯಲ್ಲಿ ಬಿದ್ದಿದ್ದಾಗ ಅದು ಅವನ ಜೇಬಿನಲ್ಲಿ ಟಿಂಗ್ ಎಂದಿದೆ. ಈ ಸುಳ್ಳೊಂದನ್ನು ಒಪ್ಪಿಕೊಂಡರೆ ಅಮ್ಮ ನಾಳೆಯೇ ಕಾರು ಮಾರಿಸುತ್ತಾಳೆ, ಯಾರೂ ಬುದ್ಧಿ ಹೇಳಬೇಕಿಲ್ಲ. ಆದರೆ ಆಮೇಲೆ ಅವಳ ಹತ್ತಿರ ಏನು ಉಳಿಯುತ್ತದೆ? ದಿನಾ ಸಂಜೆ ಹೇಳಬೇಕೆಂದು ಬಾಗಿಲವರೆಗೆ ಬರುತ್ತೇನೆ. ಅಷ್ಟರಲ್ಲಿ ತಟ್ಟೆ ಇಟ್ಟಿರುತ್ತಾಳೆ.

ಒಂದು ಉಪಕಾರ ಮಾಡು. ಶುಕ್ರವಾರಕ್ಕೆ ಅವನ ನಂಬರಿನ ರೀಚಾರ್ಜ್ ಮುಗಿಯುತ್ತದೆ, ಆಮೇಲೆ ಮೆಸೇಜು ಬರುವುದಿಲ್ಲ. ಈ ತಿಂಗಳು ನನ್ನ ಕೈಯಲ್ಲಿ ಆಗುತ್ತಿಲ್ಲ. ಇಪ್ಪತ್ತೆಂಟು ದಿನದ್ದು, ಎಲ್ಲಕ್ಕಿಂತ ಕಡಿಮೆಯದು ಸಾಕು. ಗುರುವಾರ ಸಂಜೆಯೊಳಗೆ ಹಾಕಿಸಿಬಿಡು.